ಶಸ್ತ್ರಚಿಕಿತ್ಸೆ ಮುಗಿಯಿತು, ಮಗು ಇನ್ನೂ ತೀವ್ರ ನಿಗಾ ಘಟಕದಲ್ಲಿದೆ. ಈಗ ನಮ್ಮ ಕೆಲಸವೇನು?

ಹೊಸ ಅಪ್ಪ

ನಮ್ಮ ಮಗಳು ಹುಟ್ಟುವಾಗಲೇ ಅವಳ ಅನ್ನನಾಳ ಅರ್ಧದಲ್ಲಿ ನಿಂತುಹೋಗಿತ್ತು. ಮೇಲಿನ ತುಂಡಿನ ತುದಿ ಮುಚ್ಚಿಕೊಂಡಿತ್ತು, ಕೆಳಗಿನ ತುಂಡು ಶ್ವಾಸನಾಳಕ್ಕೆ ಕೂಡಿಕೊಂಡಿತ್ತು. ಹುಟ್ಟಿದ ಮರುದಿನವೇ ಶಸ್ತ್ರಚಿಕಿತ್ಸೆ ಆಯಿತು. ಎರಡು ತುದಿಗಳನ್ನು ಜೋಡಿಸಿದ್ದೇವೆ, ಶ್ವಾಸನಾಳಕ್ಕಿದ್ದ ದಾರಿ ಮುಚ್ಚಿದ್ದೇವೆ, ಎಲ್ಲವೂ ಅಂದುಕೊಂಡಂತೆಯೇ ಆಗಿದೆ ಎಂದು ವೈದ್ಯರು ಹೇಳಿದರು. ಆ ಮಾತು ಕೇಳಿ ಹೋದ ಜೀವ ಬಂದಂತಾಯಿತು. ಆದರೆ ಒಳಗೆ ಹೋಗಿ ನೋಡಿದಾಗ ಅವಳು ನಮ್ಮ ಮಗಳೆಂದು ಗುರುತೇ ಸಿಗಲಿಲ್ಲ. ಮುಖ ಊದಿಕೊಂಡಿದೆ, ರೆಪ್ಪೆಗಳು ಅಂಟಿಕೊಂಡಿವೆ, ಬಾಯಲ್ಲಿ ವೆಂಟಿಲೇಟರಿನ ಕೊಳವೆ, ಪಕ್ಕೆಯಲ್ಲಿ ಇನ್ನೊಂದು ಕೊಳವೆ, ಮೂಗಿನಲ್ಲಿ ಒಂದು ತೆಳು ನಳಿಕೆ. ಆ ನಳಿಕೆಗೆ ಮಾತ್ರ ಯಾವ ಕಾರಣಕ್ಕೂ ಕೈ ತಾಗಿಸಬೇಡಿ ಎಂದು ಸಿಸ್ಟರ್ ಮತ್ತೆ ಮತ್ತೆ ಹೇಳುತ್ತಿದ್ದಾರೆ.

ಯಾರನ್ನು ಕೇಳಿದರೂ ‘ಸ್ಥಿರವಾಗಿದೆ’ ಎನ್ನುತ್ತಾರೆ. ಸ್ಥಿರ ಎಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಕಾದು ನೋಡೋಣ ಎನ್ನುತ್ತಾರೆ. ಇಷ್ಟೊಂದು ಊತ ಏಕೆ? ಅವಳಿಗೆ ನೋವಾಗುತ್ತಿದೆಯೇ? ಯಾವಾಗ ಎತ್ತಿಕೊಳ್ಳಬಹುದು? ಹೃದಯ, ಮೂತ್ರಪಿಂಡ, ಬೆನ್ನೆಲುಬು ಎಲ್ಲವನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ, ಇನ್ನೇನಾದರೂ ಬಚ್ಚಿಡುತ್ತಿದ್ದಾರೆಯೇ? ನನ್ನ ಹೆಂಡತಿ ಹೊಲಿಗೆಯ ನೋವಿನಲ್ಲೂ ಕುರ್ಚಿ ಬಿಟ್ಟು ಏಳುವುದಿಲ್ಲ, ಮಾನಿಟರಿನಿಂದ ಕಣ್ಣು ಕೀಳುವುದಿಲ್ಲ. ನನಗೆ ಕೈಕಾಲೇ ಆಡುತ್ತಿಲ್ಲ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ಹೇಳಿ.

ಹೃದಯದ ಕೂಸಿನ ತಾಯಿ

ಊತದ ಬಗ್ಗೆ ನಾನು ಹೇಳಬಲ್ಲೆ. ನನ್ನ ಮಗನಿಗೆ ಹೃದಯದ ಎರಡು ಮಹಾಧಮನಿಗಳು ಅದಲುಬದಲಾಗಿದ್ದವು. ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ಎದೆಯನ್ನೇ ಮುಚ್ಚಿರಲಿಲ್ಲ, ಮೇಲೆ ಒಂದು ಪಾರದರ್ಶಕ ಪದರ ಮಾತ್ರ. ಒಳಗಿನ ಊತ ಇಳಿಯುವವರೆಗೆ ಹೃದಯಕ್ಕೆ ಜಾಗ ಬೇಕು ಎಂಬ ಕಾರಣಕ್ಕೆ ಬೇಕೆಂದೇ ಹಾಗೆ ಬಿಡುತ್ತಾರೆ. ಇದನ್ನು ಮೊದಲೇ ಹೇಳಿದ್ದರೂ ಕಣ್ಣಾರೆ ಕಂಡಾಗ ಗೋಡೆ ಹಿಡಿದುಕೊಂಡೆ.

ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ದೇಹಕ್ಕೆ ದೊಡ್ಡ ಪೆಟ್ಟು. ಪೆಟ್ಟು ಬಿದ್ದಾಗ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ನೀರಿನಂಶ ಹೊರಗೆ ಜಿನುಗಿ ಚರ್ಮದಡಿ ಸೇರುತ್ತದೆ. ರಕ್ತದೊತ್ತಡ ಕಾಪಾಡಲು ವೈದ್ಯರು ಇನ್ನಷ್ಟು ದ್ರವ ಕೊಡುತ್ತಾರೆ, ಅದೂ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಎರಡನೆಯ, ಮೂರನೆಯ ದಿನ ಮಗು ಮೊದಲ ದಿನಕ್ಕಿಂತ ಕೆಟ್ಟದಾಗಿ ಕಾಣುವುದು ಸಾಮಾನ್ಯ. ಆಮೇಲೆ ಮೂತ್ರ ಹೋಗಲು ಶುರುವಾಗುತ್ತದೆ. ಕೆಲವೊಮ್ಮೆ ಅದಕ್ಕೆಂದೇ ಫ್ಯುರೋಸೆಮೈಡ್ ಎಂಬ ಔಷಧ ಕೊಡುತ್ತಾರೆ.

ಸಿಸ್ಟರ್ ಡೈಪರನ್ನು ಪುಟ್ಟ ತಕ್ಕಡಿಯ ಮೇಲಿಟ್ಟು ತೂಗುವುದನ್ನು ನೀವು ಕಂಡಿರಬಹುದು. ಒಂದು ಗ್ರಾಂ ಹೆಚ್ಚು ತೂಗಿದರೆ ಒಂದು ಮಿಲಿಲೀಟರ್ ಮೂತ್ರ. ಅದನ್ನು ಬರೆದಿಟ್ಟು ಮಗುವಿನ ತೂಕಕ್ಕೂ ಗಂಟೆಗೂ ಭಾಗಿಸುತ್ತಾರೆ. ಕಿಲೋಗೆ ಗಂಟೆಗೆ ಒಂದು ಮಿಲಿಲೀಟರ್ ದಾಟಿದರೆ ಮೂತ್ರಪಿಂಡ ಕೆಲಸ ಮಾಡುತ್ತಿದೆ ಎಂದು ಸಮಾಧಾನ. ‘ಹೇಗಿದ್ದಾಳೆ’ ಎಂದು ಕೇಳುವ ಬದಲು ‘ನಿನ್ನೆಗಿಂತ ಇಂದು ಮೂತ್ರ ಎಷ್ಟು’ ಎಂದು ಕೇಳಿ ನೋಡಿ. ಖಚಿತವಾದ ಉತ್ತರ ಸಿಗುತ್ತದೆ. ನನಗೆ ನನ್ನ ಮಗನ ಮುಖ ವಾಪಸು ಸಿಕ್ಕಿದ್ದು ಡೈಪರಿನ ಲೆಕ್ಕದಿಂದಲೇ. ಮೊದಲು ರೆಪ್ಪೆಯ ಗೆರೆ ಕಂಡಿತು, ಆಮೇಲೆ ಕಿವಿಯ ಹಿಂದಿನ ಮಡಿಕೆ, ಕೊನೆಗೆ ಕಾಲಿನ ಗೆಣ್ಣು.

ಹಳೆಯ ಸಿಸ್ಟರ್

ನವಜಾತ ಶಿಶುಗಳ ಐಸಿಯುನಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ನಿಮ್ಮ ಮಗಳ ವೈದ್ಯರ ಮಾತೇ ಕೊನೆಯ ಮಾತು, ನಾನು ಹೇಳುವುದು ಅವರನ್ನು ಸರಿಯಾಗಿ ಕೇಳಲು ನಿಮಗೆ ನೆರವಾಗಲಿ ಎಂದಷ್ಟೇ.

ಮೂಗಿನ ನಳಿಕೆ: ಅದು ಹೊಸದಾಗಿ ಜೋಡಿಸಿದ ಜಾಗವನ್ನು ಹಾದು ಹೊಟ್ಟೆ ಸೇರಿದೆ. ಜಾರಿ ಹೊರಬಂದರೆ ಕುರುಡಾಗಿ ಮತ್ತೆ ತೂರಿಸುವಂತಿಲ್ಲ, ಹೊಲಿಗೆ ಹರಿದೀತು. ಆದ್ದರಿಂದಲೇ ಅಷ್ಟು ಎಚ್ಚರಿಕೆ. ಅವಳ ತೊಟ್ಟಿಲ ಬಳಿ ಒಂದು ಚೀಟಿ ಅಂಟಿಸಿದ್ದಾರೆಯೇ ನೋಡಿ. ಬಾಯಿಯ ಜೊಲ್ಲು ಹೀರುವ ಕೊಳವೆಯನ್ನು ಎಷ್ಟು ಸೆಂಟಿಮೀಟರ್ ಒಳಗೆ ಬಿಡಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಅದಕ್ಕಿಂತ ಒಂದು ಗೆರೆಯೂ ಮುಂದೆ ಹೋಗುವಂತಿಲ್ಲ. ಕತ್ತನ್ನು ಹಿಂದಕ್ಕೆ ಬಾಗಿಸಿದರೂ ಜೋಡಣೆ ಜಗ್ಗುತ್ತದೆ. ಎತ್ತಿಕೊಳ್ಳಲು ಕೊಡದಿರುವುದಕ್ಕೆ ಇದೇ ಕಾರಣ, ನಿಮ್ಮ ಮೇಲಿನ ಅಪನಂಬಿಕೆಯಲ್ಲ.

ಸ್ಕ್ಯಾನ್‌ಗಳ ಬಗ್ಗೆ ಗಾಬರಿ ಬೇಡ. ಅನ್ನನಾಳ ರೂಪುಗೊಳ್ಳುವ ವಾರಗಳಲ್ಲೇ ಹೃದಯ, ಮೂತ್ರಪಿಂಡ, ಬೆನ್ನೆಲುಬುಗಳೂ ರೂಪುಗೊಳ್ಳುತ್ತವೆ. ಒಂದು ಕಡೆ ತೊಡಕಿದ್ದರೆ ಉಳಿದ ಕಡೆಯೂ ನೋಡುವುದು ವಾಡಿಕೆ. ಇಂಥ ಎಲ್ಲ ಮಕ್ಕಳಿಗೂ ಮಾಡುತ್ತಾರೆ.

ನೋವಿನ ಪ್ರಶ್ನೆ ದೊಡ್ಡದು. ಹಸುಗೂಸುಗಳಿಗೆ ನೋವು ತಿಳಿಯುವುದಿಲ್ಲ ಎಂದು ವೈದ್ಯಲೋಕವೇ ನಂಬಿದ್ದ ಕಾಲವೊಂದಿತ್ತು. ಅರಿವಳಿಕೆ ಮಗುವಿನ ಜೀವಕ್ಕೆ ಅಪಾಯ ಎಂಬ ಭಯದಿಂದ ಸ್ನಾಯುಗಳು ಅಲುಗದಂತೆ ಮಾಡುವ ಔಷಧ ಕೊಟ್ಟು, ಅತಿ ಕಡಿಮೆ ಅರಿವಳಿಕೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. 1987ರಲ್ಲಿ ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ ಶಸ್ತ್ರಚಿಕಿತ್ಸೆಗಳಲ್ಲಿ ಫೆಂಟನಿಲ್ ಎಂಬ ನೋವುನಿವಾರಕ ಸೇರಿಸಿ ನೋಡಿದರು. ಅದನ್ನು ಪಡೆದ ಮಕ್ಕಳ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಕಡಿಮೆ ಏರಿದ್ದವು, ನಂತರದ ತೊಂದರೆಗಳೂ ಕಡಿಮೆ ಇದ್ದವು. ಅಲ್ಲಿಂದ ಮುಂದೆ ಎಲ್ಲವೂ ಬದಲಾಯಿತು. ನಾನು ಕೆಲಸಕ್ಕೆ ಸೇರಿದಾಗ ಹಿರಿಯ ಸಿಸ್ಟರ್‌ಗಳು ಹಳೆಯ ಕಾಲವನ್ನು ನೆನೆದು ತಲೆ ತಗ್ಗಿಸುತ್ತಿದ್ದರು.

ಈಗ ನೋವಿಗೂ ಅಂಕವಿದೆ. ಹುಬ್ಬು ಗಂಟಿಕ್ಕಿದೆಯೇ, ಕಣ್ಣು ಬಿಗಿದಿದೆಯೇ, ಮೂಗಿನಿಂದ ತುಟಿಯವರೆಗಿನ ಗೆರೆ ಆಳವಾಗಿದೆಯೇ, ಬೆರಳು ಮುಷ್ಟಿಗಟ್ಟಿವೆಯೇ, ನಾಡಿ ಏರಿದೆಯೇ ಎಂದು ಹೊತ್ತುಹೊತ್ತಿಗೆ ನೋಡಿ ಬರೆಯುತ್ತೇವೆ. ಇನ್ನೊಂದು ವಿಷಯ ಗೊತ್ತಿರಲಿ. ವೆಂಟಿಲೇಟರಿನ ಕೊಳವೆ ಧ್ವನಿತಂತುಗಳ ನಡುವೆ ಹಾದುಹೋಗುವುದರಿಂದ ಮಗು ಅತ್ತರೂ ದನಿ ಬರುವುದಿಲ್ಲ. ಬಾಯಿ ತೆರೆದು, ಮುಖ ಕೆಂಪಾಗಿ, ಸದ್ದಿಲ್ಲದೆ ಅಳುತ್ತದೆ. ಅಪ್ಪ ಅಮ್ಮ ಹತ್ತಿರವಿದ್ದರೆ ಅದನ್ನು ಮೊದಲು ಕಾಣುವವರು ಅವರೇ. ಕಂಡ ಕೂಡಲೇ ಕರೆಯಿರಿ, ನಾಚಿಕೆ ಬೇಡ. ‘ನೋವಿನ ಅಂಕ ಎಷ್ಟಿದೆ, ಔಷಧದ ಮುಂದಿನ ಹೊತ್ತು ಯಾವುದು’ ಎಂದು ಕೇಳುವ ಹಕ್ಕು ನಿಮಗಿದೆ.

ಕೈಗೆ ಕೆಲಸ ಬೇಕೆಂದಿರಲ್ಲ? ಸವರಬೇಡಿ, ತಟ್ಟಬೇಡಿ. ಈಗಿನ ಅವಳ ಚರ್ಮಕ್ಕೆ ಸವರುವುದೆಂದರೆ ಕಿರಿಕಿರಿ. ಕೈತೊಳೆದು, ಅಂಗೈ ಬೆಚ್ಚಗೆ ಮಾಡಿಕೊಂಡು ಒಂದು ಕೈಯನ್ನು ನೆತ್ತಿಯ ಸುತ್ತ, ಇನ್ನೊಂದನ್ನು ಮಡಿಸಿದ ಪಾದಗಳ ಸುತ್ತ ಇಡಿ. ಒತ್ತಬೇಡಿ, ಅಲ್ಲಾಡಿಸಬೇಡಿ, ಸುಮ್ಮನೆ ಇಡಿ. ಗರ್ಭದೊಳಗೆ ಅವಳಿಗೆ ಸುತ್ತಲೂ ಆಸರೆ ಇತ್ತು, ಈಗ ಬಯಲಲ್ಲಿ ಬಿದ್ದಂತಿದ್ದಾಳೆ. ತೆಗೆಯುವಾಗ ಒಂದೊಂದೇ ಕೈಯನ್ನು ನಿಧಾನವಾಗಿ ತೆಗೆಯಿರಿ. ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗ ಹೀಗೆ ಹಿಡಿದಿರುತ್ತೇನೆ ಎಂದು ನೀವೇ ಕೇಳಿ. ಕೆಲವು ಮಕ್ಕಳಿಗೆ ಆಗ ನಾಲಿಗೆಗೆ ಎರಡು ಹನಿ ಸಕ್ಕರೆ ದ್ರಾವಣ ಹಾಕುತ್ತಾರೆ. ಆದರೆ ನಿಮ್ಮ ಮಗಳ ಜೋಡಣೆ ಇನ್ನೂ ಹಸಿಯಾಗಿದೆ, ವೈದ್ಯರು ಹೇಳದೆ ಬಾಯಿಗೆ ಏನನ್ನೂ ಹಾಕುವಂತಿಲ್ಲ.

ಮಾನಿಟರ್ ನೋಡಬೇಡಿ, ಮಗುವನ್ನು ನೋಡಿ ಎಂದು ನಿಮ್ಮ ಮಡದಿಗೆ ಹೇಳಿ.

ಲೆಕ್ಕದ ಮನುಷ್ಯ

ಸಿಸ್ಟರ್, ಮಿಕ್ಕಿದ್ದೆಲ್ಲ ಒಪ್ಪಿದೆ, ಕೊನೆಯ ಸಾಲನ್ನು ಒಪ್ಪಲಾರೆ. ನಮಗೂ ಎಲ್ಲರೂ ಅದನ್ನೇ ಹೇಳಿದರು. ಮಗುವಿನ ಕರುಳಿನ ಶಸ್ತ್ರಚಿಕಿತ್ಸೆಯಾಗಿ ಅವನು ಮಲಗಿದ್ದಾಗ ಅವನನ್ನು ನೋಡುವ ಧೈರ್ಯವೇ ನನಗಿರಲಿಲ್ಲ. ಸಂಖ್ಯೆಗಳನ್ನು ನೋಡುವ ಧೈರ್ಯವಿತ್ತು. ಅಲ್ಲಿಂದಲೇ ಶುರುಮಾಡಿದೆ. ಯಾವ ಬಣ್ಣದ ಸಾಲು ಯಾವುದು, ಎಷ್ಟಿದ್ದರೆ ಸರಿ ಎಂದು ಕೇಳಿ ಬರೆದುಕೊಂಡೆ. ಪರದೆ ಅರ್ಥವಾದ ಮೇಲೆ ಹೆದರಿಕೆ ಕಡಿಮೆಯಾಯಿತು, ಆಮೇಲೆ ಕಣ್ಣು ತಾನಾಗಿ ಮಗುವಿನ ಕಡೆ ಹೊರಳಿತು. ಅರ್ಥವಾಗದ ಯಂತ್ರದ ಪಕ್ಕ ಕೂರಿಸಿ ಅದನ್ನು ನೋಡಬೇಡ ಎಂದರೆ ಯಾರಿಂದ ಸಾಧ್ಯ?

ಹಳೆಯ ಸಿಸ್ಟರ್

ಒಪ್ಪಿದೆ, ನೋಡಲೇಬೇಕಾದರೆ ತಿಳಿದು ನೋಡಿ. ನವಜಾತ ಶಿಶುವಿನ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 160, ಉಸಿರು 40ರಿಂದ 60. ದೊಡ್ಡವರ ಲೆಕ್ಕ ಹಿಡಿದರೆ ಎದೆ ಒಡೆಯುತ್ತದೆ. ಆಮ್ಲಜನಕದ ಸಂಖ್ಯೆ ಬರುವುದು ಪಾದಕ್ಕೆ ಸುತ್ತಿದ ಕೆಂಪು ದೀಪದ ಪಟ್ಟಿಯಿಂದ. ಮಗು ಕಾಲು ಒದ್ದರೆ ಅದು ಲೆಕ್ಕ ತಪ್ಪಿ ಗಂಟೆ ಹೊಡೆಯುತ್ತದೆ. ಆದ್ದರಿಂದ ಸಂಖ್ಯೆಯ ಪಕ್ಕದ ಅಲೆ ನೋಡಿ. ಅಲೆ ಒಂದೇ ಸಮನಾಗಿದ್ದರೆ ಮಾತ್ರ ಸಂಖ್ಯೆಯನ್ನು ನಂಬಬಹುದು. ಅಲೆ ಚೂರುಚೂರಾಗಿದ್ದರೆ ಪಟ್ಟಿ ಸಡಿಲವಾಗಿದೆಯೇ ನೋಡಲು ಹೇಳಿ. ಐಸಿಯುನಲ್ಲಿ ಹೊಡೆದುಕೊಳ್ಳುವ ಗಂಟೆಗಳಲ್ಲಿ ಬಹುಪಾಲು ಇಂಥವೇ. ನಾವು ಓಡಿ ಬರದಿದ್ದರೆ ಅಸಡ್ಡೆ ಎಂದುಕೊಳ್ಳಬೇಡಿ, ಯಾವ ಗಂಟೆಗೆ ಓಡಬೇಕೆಂದು ನಮ್ಮ ಕಿವಿಗೆ ಗೊತ್ತಿರುತ್ತದೆ.

ಆದರೂ ಹೇಳುತ್ತೇನೆ, ದಿನವಿಡೀ ಪರದೆ ನೋಡಿದವರು ಮನೆಗೆ ಹೋದ ಮೇಲೆ ಪರದೆಯಿಲ್ಲದೆ ಮಲಗಲಾರರು. ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ.

ಲೆಕ್ಕದ ಮನುಷ್ಯ

ಅದು ನಿಜ. ನಾನೂ ಮಲಗಲಿಲ್ಲ. ಆದರೂ ನನ್ನ ಮಾತಿಗೆ ನಾನು ಬದ್ಧ.

ಹೊಸ ಅಪ್ಪ

ಎಲ್ಲರಿಗೂ ಕೃತಜ್ಞತೆ. ಚೀಟಿ ಇದೆ! ತೊಟ್ಟಿಲ ತಲೆಯ ಬಳಿಯೇ ಇತ್ತು, ಇಷ್ಟು ದಿನ ಕಂಡಿರಲಿಲ್ಲ. ಇಂದು ಕೈ ಇಟ್ಟೆ. ಸ್ವಲ್ಪ ಹೊತ್ತಿಗೆ ಹುಬ್ಬಿನ ಗಂಟು ಬಿಚ್ಚಿತು. ಈ ಮುಂದಿನದು ನನ್ನ ಹೆಂಡತಿಯ ಮಾತು, ಅವಳೇ ಬರೆಯುತ್ತಾಳೆ.

ನಾನು ಅವಳ ಅಮ್ಮ. ಹೊತ್ತುಹೊತ್ತಿಗೆ ಹಾಲು ಹಿಂಡಿ ತೆಗೆಯುತ್ತಿದ್ದೇನೆ. ಮಗುವಿಗೆ ಒಂದು ಹನಿಯೂ ಹೋಗುತ್ತಿಲ್ಲ, ಎಲ್ಲವೂ ಫ್ರಿಜ್ಜಿಗೆ ಹೋಗುತ್ತಿದೆ. ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು, ಪಕ್ಕದಲ್ಲಿ ಮಗುವಿಲ್ಲದೆ, ಯಂತ್ರದ ಮುಂದೆ ಕೂರುವುದು ಎಂಥ ಬಾಳು ಎನಿಸುತ್ತದೆ. ಇನ್ನೊಂದು ಮಾತನ್ನು ಎಲ್ಲಿಯೂ ಹೇಳಿಲ್ಲ. ಅವಳನ್ನು ನೋಡಿದಾಗ ನನಗೆ ಏನೂ ಅನಿಸುವುದಿಲ್ಲ. ಅಳುವೂ ಬರುವುದಿಲ್ಲ. ಬೇರೆ ಯಾರದೋ ಮಗುವಿನ ಪಕ್ಕ ಕುಳಿತಂತಿದೆ. ನಾನು ಎಂಥ ತಾಯಿ?

ಅನ್ನನಾಳದ ಹುಡುಗನ ಅಮ್ಮ

ಅಮ್ಮಾ, ನನ್ನ ಮಗನಿಗೂ ನಿಮ್ಮ ಮಗಳಿಗಿದ್ದ ತೊಂದರೆಯೇ ಇತ್ತು. ಈಗ ಶಾಲೆಗೆ ಹೋಗುತ್ತಾನೆ, ಊಟಕ್ಕೆ ಕೂತರೆ ಏಳುವುದಿಲ್ಲ. ಮೊದಲು ನಿಮ್ಮ ಎರಡನೆಯ ಮಾತಿಗೆ ಬರುತ್ತೇನೆ. ನನಗೂ ಏನೂ ಅನಿಸಿರಲಿಲ್ಲ. ಹೆರಿಗೆಯಾದ ಕೂಡಲೇ ಮಗುವನ್ನು ಕೊಂಡೊಯ್ದರು, ಮುಟ್ಟಲಿಲ್ಲ, ಮೂಸಲಿಲ್ಲ, ಹಾಲೂಡಿಸಲಿಲ್ಲ. ಒಡಲು ಮರಗಟ್ಟದೆ ಇನ್ನೇನಾದೀತು? ಪ್ರೀತಿ ನನಗೆ ಒಂದೇ ಸಲಕ್ಕೆ ಬರಲಿಲ್ಲ. ಅವನ ಡೈಪರ್ ಬದಲಿಸಲು ಬಿಟ್ಟ ದಿನ ಒಂದಿಷ್ಟು ಬಂತು, ಬಾಯಿ ಒರೆಸಲು ಬಿಟ್ಟ ದಿನ ಇನ್ನೊಂದಿಷ್ಟು. ಅಂಥ ಕೆಲಸಗಳನ್ನು ಕೇಳಿ ಪಡೆಯಿರಿ.

ಆದರೆ ಈ ಮರಗಟ್ಟುವಿಕೆ ಎರಡು ವಾರ ದಾಟಿಯೂ ಹಾಗೇ ಇದ್ದರೆ, ನಿದ್ದೆ ಮಾಡಲು ಬಿಡುವಿದ್ದರೂ ನಿದ್ದೆ ಬಾರದಿದ್ದರೆ, ನಾನಿಲ್ಲದಿದ್ದರೇ ಒಳ್ಳೆಯದು ಎಂಬ ಯೋಚನೆ ಒಮ್ಮೆಯಾದರೂ ಸುಳಿದರೆ ವೈದ್ಯರಿಗೆ ಹೇಳಲೇಬೇಕು. ಆ ಕೊನೆಯ ಯೋಚನೆ ಬಂದರೆ ಎರಡು ವಾರ ಕಾಯುವುದಲ್ಲ, ಆ ಕ್ಷಣವೇ ಹೇಳಬೇಕು. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಎಡಿನ್‌ಬರೋ ಪ್ರಶ್ನಾವಳಿ ಎಂದು 10 ಪ್ರಶ್ನೆಗಳ ಒಂದು ಹಾಳೆ ಇದೆ, 1987ರಿಂದ ಬಳಕೆಯಲ್ಲಿದೆ. ಅದನ್ನು ಕೊಡಿ ಎಂದು ಕೇಳಿ. ಮಗು ಐಸಿಯುನಲ್ಲಿರುವ ತಾಯಂದಿರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚು. ಅಪ್ಪಂದಿರಿಗೂ ಬರುತ್ತದೆ. ಅವರು ಅದಕ್ಕೆ ‘ಕೆಲಸದ ಒತ್ತಡ’ ಎಂಬ ಹೆಸರಿಟ್ಟುಕೊಂಡು ಓಡಾಡುತ್ತಿರುತ್ತಾರೆ.

ಈಗ ಹಾಲಿನ ಮಾತು. ಫ್ರಿಜ್ಜಿನಲ್ಲಿರುವುದು ವ್ಯರ್ಥವಲ್ಲ. ಬಾಯಿಯ ದಾರಿ ತೆರೆದ ದಿನ ಅವಳ ಕರುಳಿಗೆ ಅತಿ ಹಗುರವಾದ ಆಹಾರ ಅದೇ. ಮೊದಲು ಬಂದ ದಪ್ಪ ಹಳದಿ ಹಾಲನ್ನು ಬೇರೆಯಾಗಿಟ್ಟು ಗುರುತು ಹಾಕಿ. ಹಲವು ಘಟಕಗಳಲ್ಲಿ ಅದನ್ನು ಹತ್ತಿಯ ಕಡ್ಡಿಯಲ್ಲಿ ಅದ್ದಿ ಕೆನ್ನೆಯ ಒಳಬದಿಗೆ ಸವರುತ್ತಾರೆ. ನಿಮ್ಮಲ್ಲಿ ಅದು ಯಾವಾಗ ಸಾಧ್ಯ ಎಂದು ಕೇಳಿ ನೋಡಿ. ದಿನಕ್ಕೆ ಎಂಟು ಸಲ ಎನ್ನುವುದು ಹಾಲು ಬತ್ತದಿರಲಿ ಎಂದು. ಎದ್ದೇಳಲಾಗದ ರಾತ್ರಿ ಒಂದು ಸಲ ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ. ಮಗುವಿನ ಪಕ್ಕ ಕೂತು ಬಂದ ಕೂಡಲೇ ಹಿಂಡಿದರೆ ಹೆಚ್ಚು ಬರುತ್ತದೆ.

ಹೃದಯದ ಕೂಸಿನ ತಾಯಿ

ಇದಕ್ಕೊಂದು ಸೇರಿಸಬೇಕು. ನನಗೆ ಹಾಲು ಬರಲೇ ಇಲ್ಲ. ಏನೆಲ್ಲ ಮಾಡಿದರೂ ಸೀಸೆಯ ತಳ ಮುಚ್ಚಲಿಲ್ಲ. ಕೊನೆಗೆ ದಾನಿ ತಾಯಂದಿರ ಹಾಲು, ಆಮೇಲೆ ಪುಡಿ ಹಾಲು. ಮಗ ಚೆನ್ನಾಗಿಯೇ ಬೆಳೆದಿದ್ದಾನೆ. ಹಾಲು ಕೊಡುವುದೇ ತಾಯಿಯ ಏಕಮಾತ್ರ ಕೆಲಸ ಎಂಬಂತೆ ಮಾತನಾಡುವವರ ಮಾತಿಗೆ ಕಿವಿಗೊಡಬೇಡಿ.

ಚಿಕ್ಕಮ್ಮ

ನಾನು ತಾಯಿಯಲ್ಲ, ತಾಯಿಯ ತಂಗಿ. ಅಕ್ಕನ ಮಗು ಹೀಗೆ ಮಲಗಿದ್ದಾಗ ಫೋನಿನ ಕೆಲಸ ನನ್ನದಾಗಿತ್ತು. ಬಂಧುಬಳಗಕ್ಕೆಲ್ಲ ನಾನೊಬ್ಬಳೇ ಉತ್ತರಿಸುತ್ತಿದ್ದೆ. ರಾತ್ರಿ ಒಂದು ಸಂದೇಶ, ಅಷ್ಟೇ. ಯಾರಾದರೂ ನೇರವಾಗಿ ಅಕ್ಕನಿಗೆ ಕರೆ ಮಾಡಿದರೆ ಬೈಸಿಕೊಳ್ಳುತ್ತಿದ್ದರು. ‘ಯಾರ ಕಡೆಯಿಂದ ಬಂತು ಈ ಕಾಯಿಲೆ’ ಎಂದು ಕೇಳಿದ ಹಿರಿಯರೊಬ್ಬರಿಗೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ನಿಮ್ಮ ಮನೆಯಲ್ಲೂ ಜಗಳಗಂಟಿಯೊಬ್ಬಳನ್ನು ಈ ಕೆಲಸಕ್ಕೆ ನೇಮಿಸಿಕೊಳ್ಳಿ.

ಹೊಸ ಅಪ್ಪ

ಇಂದು ಬಣ್ಣದ ದ್ರಾವಣ ಬಿಟ್ಟು ಎಕ್ಸ್‌ರೇ ತೆಗೆದರು. ಜೋಡಿಸಿದ ಜಾಗದಲ್ಲಿ ಸಣ್ಣ ಸೋರಿಕೆ ಇದೆಯಂತೆ. ಹಾಲು ಶುರುಮಾಡುವುದನ್ನು ಮುಂದೂಡಿದ್ದಾರೆ. ಊತ ಇಳಿದಿತ್ತು, ಕಣ್ಣು ತೆರೆದಿದ್ದಳು, ಇನ್ನೇನು ದಡ ಸೇರಿದೆವು ಎಂದುಕೊಂಡಿದ್ದೆವು. ಮತ್ತೆ ಶಸ್ತ್ರಚಿಕಿತ್ಸೆಯೇ? ಹೆಂಡತಿಗೆ ಹೇಗೆ ಹೇಳಲಿ?

ಅನ್ನನಾಳದ ಹುಡುಗನ ಅಮ್ಮ

ನಮಗೂ ಸೋರಿತ್ತು. ಸಣ್ಣ ಸೋರಿಕೆಗಳಲ್ಲಿ ಹೆಚ್ಚಿನವು ಮತ್ತೆ ಕತ್ತರಿಸದೆಯೇ ತಾವಾಗಿ ಮುಚ್ಚಿಕೊಳ್ಳುತ್ತವೆ. ಪಕ್ಕೆಯ ಕೊಳವೆ ಇರುವುದೇ ಸೋರಿದ ಜೊಲ್ಲು ಎದೆಯೊಳಗೆ ನಿಲ್ಲದೆ ಹೊರಗೆ ಬರಲಿ ಎಂದು. ಜೊತೆಗೆ ಆ್ಯಂಟಿಬಯಾಟಿಕ್, ರಕ್ತನಾಳದ ಮೂಲಕ ಆಹಾರ, ಮತ್ತು ಕಾಯುವುದು. ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಎಕ್ಸ್‌ರೇ ತೆಗೆಯುತ್ತಾರೆ. ಹಳದಿ ದ್ರವದ ಚೀಲವೊಂದು, ಹಾಲಿನಂತೆ ಬೆಳ್ಳಗಿನ ಸಿರಿಂಜೊಂದು ನೇತಾಡುತ್ತಿರಬೇಕಲ್ಲ? ಹಳದಿಯದರಲ್ಲಿ ಸಕ್ಕರೆ, ಪ್ರೋಟೀನು, ವಿಟಮಿನ್ ಇವೆ, ಬಿಳಿಯದರಲ್ಲಿ ಕೊಬ್ಬು. ಬಾಯಿಗೆ ಹನಿ ಹೋಗದಿದ್ದರೂ ಅವಳು ಉಪವಾಸವಿಲ್ಲ. ತೂಕವೂ ಏರುತ್ತದೆ. ಹೆಚ್ಚು ದಿನ ಕೊಟ್ಟರೆ ಯಕೃತ್ತಿಗೆ ಭಾರವಾದ್ದರಿಂದ ರಕ್ತಪರೀಕ್ಷೆ ಮಾಡುತ್ತಿರುತ್ತಾರೆ.

ಹೆಂಡತಿಗೆ ಹೇಗೆ ಹೇಳಲಿ ಎಂದಿರಿ. ಹೇಳುವುದು ನಿಮ್ಮ ಕೆಲಸವಲ್ಲ. ವೈದ್ಯರನ್ನೇ ಕರೆದು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಿಸಿ. ನನ್ನ ಗಂಡ ಮೃದುವಾಗಿ ಹೇಳಲು ಹೋಗಿ ಅರ್ಧ ಮರೆಮಾಚಿದರು. ಉಳಿದರ್ಧ ನನಗೆ ಕಾರಿಡಾರಿನಲ್ಲಿ ತಿಳಿಯಿತು. ಸೋರಿಕೆಯನ್ನು ನಾನು ಎಂದೋ ಮರೆತೆ, ಕಾರಿಡಾರನ್ನು ಇನ್ನೂ ಮರೆತಿಲ್ಲ.

ಲೆಕ್ಕದ ಮನುಷ್ಯ

ಸೋರಿದ ಪ್ರಮಾಣ ದಿನಕ್ಕೆ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಪಕ್ಕೆಯ ಕೊಳವೆಯ ಡಬ್ಬಿಯ ಮೇಲೆ ಗೆರೆಗಳಿವೆ. ಒಂದು ದಿನ ಹೆಚ್ಚಿದರೆ ಗಾಬರಿ ಬೇಡ, ಕೆಲವು ದಿನಗಳದನ್ನು ಒಟ್ಟಿಗೆ ನೋಡಿ.

ಹೊಸ ಅಪ್ಪ

ವೈದ್ಯರು ಇಬ್ಬರಿಗೂ ಕೂರಿಸಿ ಹೇಳಿದರು. ಕಾಯುತ್ತೇವೆ ಎಂದರು. ಅವಳು ನನಗಿಂತ ಗಟ್ಟಿ, ನಾಲ್ಕು ಪ್ರಶ್ನೆ ಕೇಳಿದಳು. ನಾನು ಒಂದೂ ಕೇಳಲಿಲ್ಲ. ಬಂದವರೆಲ್ಲ ‘ಎಲ್ಲಾ ಸರಿಹೋಗುತ್ತದೆ’ ಎನ್ನುತ್ತಿದ್ದಾರೆ. ಆ ಮಾತು ಕೇಳಿದರೆ ಯಾಕೋ ಸಿಟ್ಟು ಬರುತ್ತದೆ.

ಮೌನಿ

ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿ ಬರೆಯುತ್ತಿದ್ದೇನೆ. ನಮ್ಮ ಮಗನಿಗೆ ಎದೆ ಮತ್ತು ಹೊಟ್ಟೆಯ ನಡುವಿನ ಪದರವಾದ ವಪೆಯಲ್ಲಿ ರಂಧ್ರವಿತ್ತು, ಕರುಳು ಎದೆಗೂಡಿಗೆ ಏರಿ ಶ್ವಾಸಕೋಶ ಬೆಳೆಯಲೇ ಇಲ್ಲ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಅವನು ಉಳಿಯಲಿಲ್ಲ. ನಿಮ್ಮ ಮಗಳ ಕಾಯಿಲೆ ಬೇರೆ, ಅವಳ ದಾರಿ ಬೇರೆ. ನನ್ನ ಕತೆಯನ್ನು ನಿಮ್ಮದಕ್ಕೆ ಹೋಲಿಸಿಕೊಳ್ಳಬೇಡಿ.

ಬರೆದದ್ದು ಆ ಸಿಟ್ಟಿನ ಬಗ್ಗೆ. ನಿಮಗೆ ಬಂದದ್ದು ಸಹಜ. ‘ಎಲ್ಲಾ ಸರಿಹೋಗುತ್ತದೆ’ ಎಂದವರ ಮುಂದೆ ನಾವು ನಮ್ಮ ಭಯ ಹೇಳಿಕೊಳ್ಳಲಾಗಲಿಲ್ಲ. ಬಾಗಿಲು ಮುಚ್ಚಿದಂತಾಗುತ್ತಿತ್ತು. ನಮಗೆ ನಿಜವಾಗಿ ಆಸರೆಯಾದವರು ಒಬ್ಬ ಕಿರಿಯ ವೈದ್ಯೆ. ‘ಈಗ ನಿಮಗೆ ಅತಿ ಹೆಚ್ಚು ಭಯವಾಗಿರುವುದು ಯಾವುದು’ ಎಂದು ಕೇಳಿದರು, ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು, ಅದರಲ್ಲಿ ಯಾವುದು ಆಗಬಹುದು, ಯಾವುದು ಆಗಲಾರದು ಎಂದು ಬಿಡಿಸಿ ಹೇಳಿದರು. ಅದೇ ಪ್ರಶ್ನೆಯನ್ನು ನೀವೂ ವೈದ್ಯರಿಗೆ ಕೇಳಬಹುದು: ಅವಳ ವಿಷಯದಲ್ಲಿ ನಿಮಗೆ ಈಗ ಅತಿ ಹೆಚ್ಚು ಚಿಂತೆ ಇರುವುದು ಯಾವುದು? ಸಣ್ಣದಾದರೆ ಸಣ್ಣದೆಂದು ಹೇಳುತ್ತಾರೆ.

ಫೋಟೋ ತೆಗೆಯಿರಿ. ಕೊಳವೆಗಳಿದ್ದರೂ ತೆಗೆಯಿರಿ. ಮನೆಗೆ ಬಂದ ಮಕ್ಕಳ ಅಪ್ಪ ಅಮ್ಮಂದಿರೂ ಆ ಫೋಟೋಗಳನ್ನು ಇಟ್ಟುಕೊಂಡಿರುವುದನ್ನು ನೋಡಿದ್ದೇನೆ.

ಹೃದಯದ ಕೂಸಿನ ತಾಯಿ

ಬರೆದಿರಲ್ಲ, ಒಳ್ಳೆಯದಾಯಿತು.

ಹೊಸ ಅಪ್ಪ

ಮೌನಿಯವರೇ, ನಿಮ್ಮ ಪ್ರಶ್ನೆಯನ್ನು ಹಾಗೇ ಕೇಳಿದೆ. ವೈದ್ಯರು ಸ್ವಲ್ಪ ಹೊತ್ತು ಯೋಚಿಸಿ, ‘ಸೋರಿಕೆಯ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ, ಸೋಂಕು ಬರದಂತೆ ನೋಡಿಕೊಳ್ಳುವುದೇ ಚಿಂತೆ’ ಎಂದರು. ಮೊದಲ ಸಲ ನಿಜವಾದ ಉತ್ತರ ಸಿಕ್ಕಂತಾಯಿತು. ಅಂದಿನಿಂದ ಕೈತೊಳೆಯದೆ ಒಳಬರುವವರ ಮೇಲೆ ನನ್ನ ಕಣ್ಣು, ಅವರು ಎಷ್ಟೇ ದೊಡ್ಡ ಹುದ್ದೆಯವರಾಗಿರಲಿ.

ಡಬ್ಬಿಯಲ್ಲಿ ಈಗ ಹೆಚ್ಚೇನೂ ಬರುತ್ತಿಲ್ಲ. ವೆಂಟಿಲೇಟರ್ ತೆಗೆಯುವ ಮಾತು ಶುರುವಾಗಿದೆ. ಏನನ್ನು ನಿರೀಕ್ಷಿಸಬೇಕು?

ಅನ್ನನಾಳದ ಹುಡುಗನ ಅಮ್ಮ

ದನಿ! ಆದರೆ ನೀವು ಅಂದುಕೊಂಡ ದನಿಯಲ್ಲ. ಕೊಳವೆ ಉಜ್ಜಿದ ಗಂಟಲು, ಮೊದಲು ಒಡಕಲು, ಕೀಚಲು. ಕೆಲವು ದಿನಕ್ಕೆ ಸರಿಯಾಗುತ್ತದೆ. ಇನ್ನೊಂದು ಕೇಳಿಸುತ್ತದೆ, ಬೊಗಳಿದಂಥ ಕೆಮ್ಮು. ಈ ಮಕ್ಕಳ ಶ್ವಾಸನಾಳದ ಗೋಡೆ ಮೆತ್ತಗಿರುವುದರಿಂದ ಹಾಗೆ. ನನ್ನ ಮಗ ಕೆಮ್ಮಿದರೆ ಇಡೀ ತರಗತಿ ತಿರುಗಿ ನೋಡುತ್ತದೆ, ಅವನಿಗೆ ಅದರ ಪರಿವೆಯೇ ಇಲ್ಲ. ಆದರೆ ಕೆಮ್ಮುವಾಗ ಅಥವಾ ಹಾಲು ಕುಡಿಯುವಾಗ ಮುಖ ನೀಲಿಗಟ್ಟಿದರೆ, ಉಸಿರು ನಿಂತಂತಾದರೆ ಅದು ಬೇರೆ ಮಾತು, ಕೂಡಲೇ ಹೇಳಬೇಕು.

ಮುಂದೆ ಜೋಡಿಸಿದ ಜಾಗ ಗಾಯ ಮಾಯುವಾಗ ಕಿರಿದಾಗಬಹುದು. ನಮ್ಮವನಿಗೆ ಆಯಿತು. ಬಲೂನು ಹಾಕಿ ಹಿಗ್ಗಿಸಿದರು, ಒಂದಕ್ಕಿಂತ ಹೆಚ್ಚು ಸಲ. ಹೊಟ್ಟೆಯ ಹಾಲು ಮೇಲಕ್ಕೆ ಬರುವುದೂ ಸಾಮಾನ್ಯ, ಅದಕ್ಕೆ ಔಷಧವಿದೆ. ಇದನ್ನೆಲ್ಲ ಈಗಲೇ ಹೇಳುತ್ತಿರುವುದು ಹೆದರಿಸಲು ಅಲ್ಲ, ಆಗ ಬಂದಾಗ ‘ಓ ಇದಾ’ ಎನ್ನಲಿ ಎಂದು. ಅನ್ನನಾಳವನ್ನು ಹೀಗೆ ನೇರವಾಗಿ ಜೋಡಿಸಿ ಮಗು ಮೊದಲ ಬಾರಿಗೆ ಬದುಕುಳಿದದ್ದು 1941ರಲ್ಲಿ, ಕ್ಯಾಮರೂನ್ ಹೇಟ್ ಎಂಬ ಶಸ್ತ್ರಚಿಕಿತ್ಸಕರ ಕೈಯಲ್ಲಿ. ಅದಕ್ಕೆ ಮೊದಲು ಹೀಗೆ ಹುಟ್ಟಿದ ಮಕ್ಕಳು ಬಹುತೇಕ ಉಳಿಯುತ್ತಲೇ ಇರಲಿಲ್ಲ. ಮಗ ಊಟಕ್ಕೆ ರಂಪ ಮಾಡಿದಾಗಲೆಲ್ಲ ನನಗೆ ಆ ಮಹಾನುಭಾವರ ನೆನಪಾಗುತ್ತದೆ.

ಹಳೆಯ ಸಿಸ್ಟರ್

ಎರಡು ಮಾತು. ಕೊಳವೆ ತೆಗೆದು, ಮಗು ದಣಿದು, ಮತ್ತೆ ಹಾಕಬೇಕಾಗಿ ಬರಬಹುದು. ಅದನ್ನು ಸೋಲು ಎಂದು ಲೆಕ್ಕ ಹಾಕಬೇಡಿ, ಎರಡು ದಿನ ಬಿಟ್ಟು ಮತ್ತೆ ಪ್ರಯತ್ನಿಸುತ್ತಾರೆ. ಇನ್ನೊಂದು, ಹಲವು ದಿನ ಮಾರ್ಫಿನ್ ಅಥವಾ ಫೆಂಟನಿಲ್ ಪಡೆದ ಮಗುವಿಗೆ ಅದನ್ನು ಇಳಿಸುವಾಗ ಕೈಕಾಲು ನಡುಗುತ್ತವೆ, ಆಕಳಿಕೆ, ಸೀನು, ಬೆವರು ಬರುತ್ತವೆ, ಸಮಾಧಾನವೇ ಇರುವುದಿಲ್ಲ. ದೇಹ ಔಷಧಕ್ಕೆ ಹೊಂದಿಕೊಂಡಿರುವುದರಿಂದ ಹಾಗೆ. ಇದು ಚಟವಲ್ಲ, ಮೆದುಳಿಗೆ ಪೆಟ್ಟೂ ಅಲ್ಲ. ಹಂತಹಂತವಾಗಿ ಇಳಿಸುತ್ತಾರೆ. ಬೆಳಕು ತಗ್ಗಿಸಿ, ಸದ್ದು ತಗ್ಗಿಸಿ, ಕೈ ಇಡಿ.

ಹೊಸ ಅಪ್ಪ

ತೆಗೆದರು. ಈಗ ಮೂಗಿನ ಬಳಿ ಆಮ್ಲಜನಕ ಮಾತ್ರ. ದನಿ ನೀವು ಹೇಳಿದಂತೆಯೇ ಇದೆ. ಅವಳ ಅಮ್ಮ ಆ ಕೀಚಲು ಕೇಳಿ, ಆಸ್ಪತ್ರೆಗೆ ಬಂದಾಗಿನಿಂದ ಮೊದಲ ಸಲ ಅತ್ತಳು, ಅಳು ನಿಲ್ಲಿಸಲೇ ಇಲ್ಲ, ಸಿಸ್ಟರ್‌ಗಳೂ ನಿಲ್ಲಿಸಲು ಹೋಗಲಿಲ್ಲ. ಮತ್ತೆ ತೆಗೆದ ಎಕ್ಸ್‌ರೇಯಲ್ಲಿ ಸೋರಿಕೆ ಕಾಣಲಿಲ್ಲ. ಮೂಗಿನ ನಳಿಕೆಯಿಂದ ಒಂದೊಂದು ಮಿಲಿಲೀಟರ್ ಹಾಲು ಶುರುವಾಗಿದೆ, ಫ್ರಿಜ್ಜಿನಲ್ಲಿದ್ದ ಮೊದಲ ಹಳದಿ ಸೀಸೆಯಿಂದ. ಇನ್ನೂ ಮನೆಗೆ ಹೋಗುವ ಮಾತಿಲ್ಲ. ಹಾಲು ಏರಿಸಬೇಕು, ಬಾಯಿಂದ ಕುಡಿಯುವುದನ್ನು ಕಲಿಯಬೇಕು, ಉಸಿರು ನಿಂತರೆ ಏನು ಮಾಡಬೇಕೆಂದು ನಾವು ಬೊಂಬೆಯ ಮೇಲೆ ಅಭ್ಯಾಸ ಮಾಡಬೇಕಂತೆ.

ನಾಳೆ ಎದೆಯ ಮೇಲೆ ಮಲಗಿಸಿಕೊಳ್ಳಬಹುದು ಎಂದಿದ್ದಾರೆ. ಮೊದಲು ಅಮ್ಮ, ಸಂಜೆಗೆ ನಾನು. ಏನಾದರೂ ಸಿದ್ಧತೆ ಬೇಕೇ?

ಹಳೆಯ ಸಿಸ್ಟರ್

ಮುಂದೆ ಗುಂಡಿಗಳಿರುವ ಸಡಿಲ ಅಂಗಿ ಹಾಕಿಕೊಂಡು ಹೋಗಿ, ಇಬ್ಬರೂ. ಸುಗಂಧದ್ರವ್ಯ ಬೇಡ, ಸರ ಬೇಡ, ಕೈಗಡಿಯಾರ ಬೇಡ. ಮೊದಲೇ ಏನಾದರೂ ತಿಂದು, ನೀರು ಕುಡಿದು, ಶೌಚಾಲಯಕ್ಕೆ ಹೋಗಿ ಬನ್ನಿ. ಎತ್ತಿ ಇಡುವುದು, ಮತ್ತೆ ಎತ್ತುವುದು ಮಗುವಿಗೆ ದಣಿವು, ಆದ್ದರಿಂದ ಒಮ್ಮೆ ಮಲಗಿಸಿದರೆ ಕನಿಷ್ಠ ಒಂದು ಗಂಟೆ ಏಳುವಂತಿಲ್ಲ. ಇಬ್ಬರು ಸಿಸ್ಟರ್ ಇರಲಿ, ಒಬ್ಬರು ಮಗುವಿಗೆ, ಒಬ್ಬರು ನಳಿಕೆಗಳಿಗೆ. ನೀವು ಒರಗುವ ಕುರ್ಚಿಯಲ್ಲಿ ಅರ್ಧ ಮಲಗಿದಂತೆ ಕೂತಿರಿ, ಮಗುವಿನ ಕತ್ತು ಹಿಂದಕ್ಕೆ ವಾಲದಂತೆ ಅವರೇ ಸರಿಮಾಡುತ್ತಾರೆ. ಮೂಗಿನ ನಳಿಕೆಯನ್ನು ನಿಮ್ಮ ಅಂಗಿಗೂ ಒಂದು ಕಡೆ ಅಂಟಿಸಲು ಹೇಳಿ. ಮೊದಲ ಕೆಲವು ನಿಮಿಷ ನಾಡಿ ಏರುಪೇರಾಗಿ ಗಂಟೆ ಹೊಡೆದುಕೊಳ್ಳಬಹುದು, ಸಾಮಾನ್ಯವಾಗಿ ತಾನಾಗಿ ತಣ್ಣಗಾಗುತ್ತದೆ.

ಮಾನಿಟರಿಗೆ ಬೆನ್ನು ಮಾಡಿ ಕುರ್ಚಿ ಹಾಕಿಸಿಕೊಳ್ಳಿ.

ಲೆಕ್ಕದ ಮನುಷ್ಯ

ಸಂಜೆ ಅಪ್ಪನ ಸರದಿಯಲ್ಲಿ ಕುರ್ಚಿಯನ್ನು ಸ್ವಲ್ಪ ಓರೆಯಾಗಿ ಹಾಕಿಸಿಕೊಂಡರೂ ನಡೆಯುತ್ತದೆ.